ಕೆಂಪು ಬಳಿಯದ ಕೊಂಡಿ

ಕೋಪ ನನಗೆ ಮೂಗಿನ ತುದೀಲೇ ಇರುತ್ತೆ ಅಂತ ನಮ್ಮಕ್ಕ ಯಾವಾಗಲೂ ಹೇಳ್ತಾಳೆ. ಸುಳ್ಳಲ್ಲ. ಆದರೆ ಕೂಗಾಡಿ ನಾನು ಯಾರಿಗೂ ಕೇಡು ಮಾಡಿದವನಲ್ಲ. ಆ ದಿನ ಕೂಗಾಡದೆ ಬಾಯಿ ಮುಚ್ಚಿಕೊಂಡಿದ್ದೆ ನೋಡಿ, ಎಡವಟ್ಟಾಗಿದ್ದೇ ಅಲ್ಲಿ.

ಅಕ್ಕನ ಗಂಡ, ನಮ್ಮ ಭಾವ, ಗುಡ್ಡ ಹತ್ತಿಸೋಕೆ ಅಂತಲೇ ಒಂದು ಹಳೇ ಜೀಪು ಇಟ್ಟುಕೊಂಡಿದ್ದಾರೆ. ರಜಾ ಬಂತು ಅಂದ್ರೆ ಸ್ನೇಹಿತರನ್ನ ಕಟ್ಟಿಕೊಂಡು ಕೆಸರು, ಕಲ್ಲು, ಹಳ್ಳ ಅಂತ ಹೊರಟುಬಿಡ್ತಾರೆ. ಒಬ್ಬರ ಗಾಡಿ ಹೂತುಕೊಂಡರೆ ಇನ್ನೊಬ್ಬರು ಹಗ್ಗ ಕಟ್ಟಿ ಎಳೀಬೇಕು. ಅದಕ್ಕೆ ಹಿಂದಿನ ಬಂಪರ್ ಗಟ್ಟಿ ಇರಬೇಕು. ಜೀಪಿನ ಜೊತೆ ಬಂದಿದ್ದ ಬಂಪರ್ ತುಕ್ಕು ತಿಂದು ಹೋಗಿತ್ತು. "ನಿನ್ನ ಕೈಯಲ್ಲೇ ಒಂದು ಮಾಡ್ಕೊಡು ಮಾರಾಯ" ಅಂತ ಅವರೇ ನನ್ನ ಗ್ಯಾರೇಜಿಗೆ ಬಂದು ಕೇಳಿದ್ರು.

ಮಾಡಿದೆ. ಗಿರಾಕಿಗಳ ಕೆಲಸ ಮುಗಿಸಿ ದಿನಾ ಸಂಜೆ ಕೂತು ಮೂರು ವಾರ ಮಾಡಿದೆ. ದಪ್ಪ ತಗಡು ಕತ್ತರಿಸಿ, ಬಗ್ಗಿಸಿ, ಎಳೆಯೋ ಕೊಂಡಿ ಎರಡನ್ನೂ ತಗಡಿನ ಆಚೆಗೆ ತೂರಿಸಿ ನೇರ ಜೀಪಿನ ಅಡಿಯ ಚೌಕಟ್ಟಿಗೆ, ಚಾಸಿಗೇ ಬೋಲ್ಟ್ ಬೀಳೋ ಹಾಗೆ ಮಾಡಿದೆ. ಆನೆ ಕಟ್ಟಿ ಎಳೆದರೂ ಅಲ್ಲಾಡಬಾರದು, ಹಾಗೆ. ನೋಡೋಕೆ ಲಕ್ಷಣವಾಗಿರಲಿಲ್ಲ, ಒಪ್ಕೋತೀನಿ. ಬಂಪರನ್ನೇನು ಹೆಣ್ಣು ನೋಡೋ ಹಾಗೆ ನೋಡೋಕೆ ಬರ್ತಾರಾ?

ಕೂರಿಸೋ ದಿನ ಭಾವ ಬಂದ್ರು. ಜೀಪಿನ ಹಿಂದಿನ ಸೀಟಲ್ಲಿ ದೊಡ್ಡ ರಟ್ಟಿನ ಡಬ್ಬ. ಬಿಚ್ಚಿದರೆ ಅಂಗಡಿಯ ಹೊಸ ಬಂಪರ್, ಕರೀ ಬಣ್ಣ ಕನ್ನಡಿ ಹಾಗೆ ಹೊಳೀತಿದೆ, ಎರಡು ಕಡೆ ಎರಡು ಚೆಂದದ ಕೊಂಡಿ. ಇಬ್ಬರು ಗಿರಾಕಿಗಳು, ಪಕ್ಕದ ಅಂಗಡಿ ಪೇಂಟರ್ ಎಲ್ಲರೂ ಅಲ್ಲೇ ನಿಂತಿದ್ರು. ಅವರ ಮುಂದೆಯೇ ಭಾವ, ನಾನು ಮಾಡಿದ್ದನ್ನ ಕಾಲಿನಿಂದ ಸರಿಸಿ, "ನಿನ್ನದು ಎಮ್ಮೆ ಅಡ್ಡ ಮಲಗಿದ ಹಾಗಿದೆ ಮಾರಾಯ. ಇದನ್ನ ಕೂರಿಸು, ನಾಳೆ ಬೆಳಗ್ಗೆ ಹೊರಡಬೇಕು" ಅಂದ್ರು. ಎಲ್ಲರೂ ನಕ್ಕರು. ಪೇಂಟರ್ ಅಂತೂ ಹೊಟ್ಟೆ ಹಿಡಿದುಕೊಂಡು ನಕ್ಕ, ದರಿದ್ರದವನು.

ಬೇರೆ ಗಿರಾಕಿ ಆಗಿದ್ರೆ ಡಬ್ಬದ ಸಮೇತ ಆಚೆಗೆ ಅಟ್ಟುತ್ತಿದ್ದೆ. ಭಾವನಿಗೆ ಎದುರು ಮಾತಾಡಿ ಅಭ್ಯಾಸ ಇಲ್ಲ. ಸ್ಪ್ಯಾನರ್ ತಗೊಂಡು ಜೀಪಿನ ಕೆಳಗೆ ತೂರಿದೆ.

ಹಳೇ ಬೋಲ್ಟ್‌ಗಳು ಹಟ ಹಿಡಿದಿದ್ದವು. ಎಣ್ಣೆ ಬಿಟ್ಟು, ಬೈದು, ಎರಡನ್ನ ಗ್ರೈಂಡರ್‌ನಿಂದ ಕತ್ತರಿಸಿ ಹೊಸದನ್ನ ಎತ್ತಿ ಹಿಡಿದೆ. ಎತ್ತಿದಾಗಲೇ ಕೈಗೆ ಗೊತ್ತಾಯ್ತು, ತೂಕ ಇಲ್ಲ. ಸುತ್ತಿಗೆಯಿಂದ ಕೊಂಡಿ ಹತ್ತಿರ ಮೆಲ್ಲಗೆ ತಟ್ಟಿದೆ. ಡಬ್ಬಾ ಸದ್ದು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕೊಂಡಿಗಳು ಬರೀ ತೆಳು ತಗಡಿಗೆ, ಅದೂ ನಾಲ್ಕು ಚುಕ್ಕಿ ವೆಲ್ಡಿಂಗ್‌ನಲ್ಲಿ ಅಂಟಿಕೊಂಡಿವೆ. ಮೇಲೆ ಥಳಕು, ಒಳಗೆ ಹುಳುಕು. ಶೋಕಿಗೆ ಮಾಡಿದ್ದು ಅದು, ಎಳೆಯೋಕಲ್ಲ.

ನಮ್ಮ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಎಳೆಯೋಕೆ ಲಾಯಕ್ಕಿಲ್ಲದ ಕೊಂಡಿಗೆ ಕೆಂಪು ಬಣ್ಣ ಬಳೀದೆ ಗಾಡಿ ಹೊರಗೆ ಬಿಡೋ ಹಾಗಿಲ್ಲ. ಗಿರಾಕಿ ಬೇಡ ಅಂದ್ರೂ ಸರಿ, ಬೈದ್ರೂ ಸರಿ. ಚಿಕ್ಕಂದಿನಲ್ಲಿ ಆ ಬಣ್ಣ ಬಳಿಯೋ ಕೆಲಸ ಅಕ್ಕನದು. ನಾನು ಬ್ರಷ್ ಮುಟ್ಟಿದರೆ ಕೈಗೆ ಒಂದು ಬಾರಿಸ್ತಿದ್ದಳು.

ನಾಲ್ಕೂ ಬೋಲ್ಟ್ ಬಿಗಿದು ಎದ್ದು ಬಂದು ಬಣ್ಣದ ಡಬ್ಬಿ ಮುಚ್ಚಳ ತೆಗೆದೆ. ಹೊರಗೆ ಭಾವ ಇನ್ನೊಬ್ಬ ಗಿರಾಕಿಗೆ ಎಮ್ಮೆ ಕಥೆ ಮತ್ತೆ ಹೇಳ್ತಿದ್ರು. ಮತ್ತೆ ನಗು. ನನಗೆ ಮೈಯೆಲ್ಲಾ ಉರಿದುಹೋಯ್ತು. ಕಿತ್ತು ಬರಲಿ ಒಂದು ದಿನ ಎಲ್ಲರ ಎದುರಿಗೆ, ಆಗ ಗೊತ್ತಾಗುತ್ತೆ ಯಾರದು ಎಮ್ಮೆ ಅಂತ. ಮುಚ್ಚಳ ಒತ್ತಿ, ಡಬ್ಬೀನ ವಾಪಸ್ ಕಪಾಟಲ್ಲಿಟ್ಟೆ.

ಯಾರಿಗಾದ್ರೂ ಏಟಾಗಬಹುದು ಅನ್ನೋ ಯೋಚನೆ ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಂತು. ಆಚೆಗೆ ತಳ್ಳಿಬಿಟ್ಟೆ.

ಭಾವ ಬಂಪರ್ ಸವರಿ, "ಭೇಷ್!" ಅಂತ ಬೆನ್ನು ತಟ್ಟಿ ಹೊರಟುಹೋದ್ರು.

ಮಾರನೇ ದಿನ ಬೆಳಗ್ಗೆ ಗ್ರೈಂಡರ್ ಸದ್ದಿನಲ್ಲಿ ಫೋನ್ ಕೇಳಿಸಲಿಲ್ಲ. ಆಮೇಲೆ ನೋಡಿದರೆ ಅಕ್ಕ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಾಳೆ, ಒಂದು ಗಂಟೆ ಹಿಂದೆ. "ಹೊರಟ್ವಿ ಕಣೋ. ಹೊಸ ಬಂಪರ್ ಜೋರಾಗಿದೆ. ಹಗ್ಗ ಕಟ್ಟೋದು ಎಂದಿನ ಹಾಗೆ ನಾನೇ. ಕೆಂಪು ಎಲ್ಲೂ ಕಾಣಲಿಲ್ಲ, ನೀನು ಕೂರಿಸಿದ್ದು ಬೇರೆ, ಇನ್ನೇನು ಚಿಂತೆ? ರಾತ್ರಿ ಊಟಕ್ಕೆ ಬಾ."

ಅಯ್ಯೋ ದೇವರೇ.

ಫೋನ್ ಮಾಡಿದೆ. ಹತ್ತು ಸಲ ಮಾಡಿದೆ. ಅವರು ಯಾವಾಗಲೂ ಹೋಗೋ ಹಳೇ ಕಲ್ಲುಕ್ವಾರಿಯ ಕಡೆ ಸಿಗ್ನಲ್ ಸಿಗೋದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಗ್ಯಾರೇಜು ಹಾಗೇ ಬಿಟ್ಟು, ರಿಪೇರಿಗೆ ಬಂದಿದ್ದ ಗಿರಾಕಿಯ ಬೈಕೇ ಹತ್ತಿ ಹೊರಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತಾರೆ. ನನ್ನ ಮೂಗಾಗಿದ್ರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ದಾರಿಯುದ್ದಕ್ಕೂ ಕಣ್ಣ ಮುಂದೆ ಆ ನಾಲ್ಕು ಚುಕ್ಕಿ ವೆಲ್ಡಿಂಗ್. ಅವರು ಕಟ್ಟೋದು ಹಿಗ್ಗೋ ಹಗ್ಗ. ಅದು ಪೂರ್ತಿ ಹಿಗ್ಗಿದ ಮೇಲೆ ಕೊಂಡಿ ಕಿತ್ತರೆ ಕವಣೆ ಕಲ್ಲಿನ ಹಾಗೆ ಬರುತ್ತೆ. ತಗ್ಗು, ದಿಣ್ಣೆ ಯಾವುದನ್ನೂ ನೋಡದೆ ಓಡಿಸಿದೆ.

ಕ್ವಾರಿ ಅಂಚಿಗೆ ಬಂದಾಗ ಕೆಳಗೆ ಎಲ್ಲಾ ಕಾಣಿಸ್ತು. ಸ್ನೇಹಿತನ ಗಾಡಿ ಬಾಗಿಲ ಮಟ್ಟಕ್ಕೆ ಕೆಸರಲ್ಲಿ ಹೂತಿದೆ, ಒಳಗೆ ಯಾರೂ ಇಲ್ಲ. ಅದರ ಮುಂದೆ ನಮ್ಮ ಭಾವನ ಜೀಪು, ನಡುವೆ ಹಗ್ಗ. ಒಂದು ಸಲ ಎಳೆದು ನೋಡಿದ್ದರು ಅಂತ ಕಾಣುತ್ತೆ, ಭಾವ ಜೀಪನ್ನ ಹಿಂದಕ್ಕೆ ತಂದು ಎರಡನೇ ಸಲ ಓಟ ಕೊಡೋಕೆ ಸಿದ್ಧ ಆಗಿದ್ರು. ಅಕ್ಕ ಹಗ್ಗದ ಪಕ್ಕದಲ್ಲೇ ನಿಂತು ಕೈಬೀಸಿ ದಾರಿ ತೋರಿಸ್ತಿದ್ದಳು.

"ಅಕ್ಕಾ!" ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. "ಅಕ್ಕಾ, ಈ ಕಡೆ ಬಾ!"

ಎಂಜಿನ್ ಸದ್ದಿನಲ್ಲಿ ಅರ್ಧ ಕೇಳಿಸಿತೋ ಏನೋ. ನನ್ನನ್ನ ನೋಡಿ, ಇವನ್ಯಾಕೆ ಇಲ್ಲಿಗೆ ಬಂದ ಅಂತ ನಾಲ್ಕು ಹೆಜ್ಜೆ ನನ್ನ ಕಡೆ ನಡೆದಳು. ಅಷ್ಟರಲ್ಲಿ ಜೀಪು ಮುಂದಕ್ಕೆ ಹಾರಿತು, ಹಗ್ಗ ಸೆಟೆಯಿತು, ಪಟ್ ಅಂತ ಒಂದು ಸದ್ದು. ಅವಳು ನಿಂತಿದ್ದ ಜಾಗದ ಮೇಲಿಂದ ಕೊಂಡಿ ಹಾದುಹೋಗಿ ಹೂತ ಗಾಡಿಯ ಮುಂದಿನ ಗಾಜು ಒಡೆದು, ಹಿಂದಿನ ಸೀಟಿನೊಳಗೆ ಹೂತುಕೊಂಡಿತು.

ಎಲ್ಲರೂ ಓಡಿಬಂದ್ರು. ಭಾವನ ಮುಖ ಸುಣ್ಣ ಬಳಿದ ಹಾಗಿತ್ತು. ನನ್ನನ್ನ ತಬ್ಬಿಕೊಂಡು, "ದೇವರು ಕಳಿಸಿದ ಹಾಗೆ ಬಂದೆಯಲ್ಲೋ, ನಿನ್ನ ಋಣ ಹೇಗೆ ತೀರಿಸಲಿ" ಅಂತ ಅತ್ತೇಬಿಟ್ರು. ಸ್ನೇಹಿತರು ನೀರು ಕೊಟ್ರು, ಬೆನ್ನು ಸವರಿದ್ರು. ಎಲ್ಲರ ಬಾಯಲ್ಲೂ ನನ್ನ ಹೊಗಳಿಕೆಯೇ. ನೆಲ ಬಿರಿದು ನನ್ನನ್ನ ನುಂಗಬಾರದೇ ಅನ್ನಿಸ್ತು.

ಅಕ್ಕ ಮಾತ್ರ ಹತ್ತಿರ ಬರಲಿಲ್ಲ. ಬಂಪರ್ ಮುಂದೆ ಕುಕ್ಕುರುಗಾಲಲ್ಲಿ ಕೂತು, ಕೊಂಡಿ ಕಿತ್ತ ತೂತಿನೊಳಗೆ ಬೆರಳು ಹಾಕಿ ತಗಡಿನ ದಪ್ಪ ನೋಡ್ತಿದ್ದಳು. ಆಮೇಲೆ ಎದ್ದು ಬಂದು ನನ್ನ ಕಾಲು ನೋಡಿದಳು. ಚಪ್ಪಲಿ ಇರಲಿಲ್ಲ, ಎಲ್ಲಿ ಬಿದ್ದಿತ್ತೋ.

"ಯಾಕೋ ಓಡಿ ಬಂದೆ?"

ನಾನು ಭಾವನ ಮುಖ ನೋಡಿದೆ.

"ಅವರನ್ನಲ್ಲ, ನನ್ನನ್ನ ನೋಡು. ನಿನ್ನೇನೇ ಗೊತ್ತಿತ್ತಾ?"

"ಭಾವ ಎಲ್ಲರ ಮುಂದೆ ನಗಾಡಿದ್ರು ಅಕ್ಕ. ಕೋಪ ಬಂತು, ಹೇಳಲಿಲ್ಲ."

ಭಾವನ ಕೈ ನನ್ನ ಹೆಗಲಿಂದ ಜಾರಿತು.

"ಕೋಪ ಅವರ ಮೇಲೆ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ಸರಿ. ಹಗ್ಗ ಕಟ್ಟೋದು ಯಾವಾಗಲೂ ನಾನು ಅಂತ ನಿನಗೆ ನೆನಪಿರಲಿಲ್ವಾ?"

ಇರಲಿಲ್ಲ ಅಂದಿದ್ರೆ ನಂಬ್ತಿದ್ದಳು. ನಂಬಬೇಕು ಅಂತಲೇ ಕೇಳಿದ್ದು ಅವಳು, ಕಣ್ಣಲ್ಲಿ ಕಾಣ್ತಿತ್ತು.

"ಇತ್ತು ಅಕ್ಕ," ಅಂದೆ.

ಅವಳು ಸೆರಗಲ್ಲಿ ಕೈಯ ಕೆಸರು ಒರೆಸಿಕೊಂಡು, ಸ್ನೇಹಿತರ ಇನ್ನೊಂದು ಗಾಡಿಯ ಬಾಗಿಲು ತೆಗೆದು ಹತ್ತಿ ಕೂತಳು. ರಾತ್ರಿ ಊಟಕ್ಕೆ ನಾನು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಅವಳು ಫೋನೂ ಮಾಡಲಿಲ್ಲ.