ಹೇಳಿದವರು: ಶಾಮಣ್ಣ

೧
ಹೇಗೆ ಶುರು ಮಾಡಲಿ? ‘2008, ಜೆ.ಪಿ. ನಗರ, ಸಂಜೆಯ ಮಳೆ’ ಎಂದು ಬರೆದೆ, ಹೊಡೆದುಹಾಕಿದೆ. (ಮಳೆಗೂ ಡೇಟಾಬೇಸಿಗೂ ಏನು ನಂಟು?) ಅನ್ನಪೂರ್ಣಳಿಂದಲೇ ಶುರುವಾಗಲಿ. ಗದಗ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ರೂಮು, ಪಂಪು ತಯಾರಿಸುವ ಕಂಪನಿಯಲ್ಲಿ ಆರು ತಿಂಗಳ ಕಾಂಟ್ರ್ಯಾಕ್ಟು. ತಾನು ಕಟ್ಟುತ್ತಿರುವ ಹೊಸ ಡೇಟಾಬೇಸನ್ನು ಮೇಲಿನವರಿಗೆ ತೋರಿಸುವ ಶುಕ್ರವಾರದ ಡೆಮೊ ಗೆದ್ದರೆ ಕೆಲಸ ಖಾಯಂ, ಸೋತರೆ ಊರಿನ ಬಸ್ಸು.

೨
ಅವಳ ಕೆಲಸ ಇಷ್ಟು: ಹಳೇ ಡೇಟಾಬೇಸಿನ ಕೋಷ್ಟಕಗಳನ್ನು ಬಿಚ್ಚಿ, ಒಂದೊಂದು ಸಂಗತಿಯನ್ನೂ ಪುಟ್ಟ ವಾಕ್ಯ ಮಾಡುವುದು. ‘ಈ ಸೀಲು — ಸೇರಿದ್ದು — ಆ ಪಂಪಿಗೆ.’ (ಸೀಲು ಅಂದರೆ ಪಂಪು ಸೋರದಂತೆ ತಡೆಯುವ ಬಿಲ್ಲೆ.) ಯಂತ್ರ ಆ ವಾಕ್ಯಗಳನ್ನು ಒಂದಕ್ಕೊಂದು ಗಂಟುಹಾಕಿ ತಾನೇ ಅರ್ಥ ಮಾಡಿಕೊಳ್ಳುತ್ತದೆ. ಕಂಪನಿಯವರು ‘ಸೆಮ್ಯಾಂಟಿಕ್ ಡೇಟಾಬೇಸು’ ಅನ್ನುವುದು ಇದಕ್ಕೇ. (ನನಗೂ ಇಷ್ಟೇ ಗೊತ್ತು, ಮುಂದೆ ಕೇಳಬೇಡಿ.)

೩
ಹಳೇ ಕೋಷ್ಟಕದಲ್ಲಿ ಪ್ರತಿ ಸೀಲಿನ ಪಕ್ಕ ‘ಬದಲಿ’ ಎಂಬ ಕಾಲಂ, ಅದರಲ್ಲಿ ಇನ್ನೊಂದು ಸೀಲಿನ ನಂಬರು. ಅನ್ನಪೂರ್ಣ ಎರಡರ ನಡುವೆ ‘ಇದೇ ಅದು’ ಎಂದು ಬರೆದಳು. ಯಂತ್ರ ನಂಬಿತು. ತಣ್ಣೀರಿನ ಸೀಲು ಬಾಯ್ಲರಿಗೂ ಆಗುತ್ತದೆ ಎಂದು ಸ್ಕ್ರೀನು ಹೇಳತೊಡಗಿತು. (ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ.)

ಗುರುವಾರ ಮಧ್ಯಾಹ್ನ ಟಿಫನ್ ಡಬ್ಬಿ ತೊಳೆಯಲು ಹೊರಟಿದ್ದ ಸ್ಟೋರ್‌ಕೀಪರ್ ಶಾಮಣ್ಣ ಅದನ್ನು ನೋಡಿ ನಿಂತರು. ಇಟ್ಟಮಡುವಿನಿಂದ ಮೂವತ್ತು ವರ್ಷ ಸ್ಕೂಟರಿನಲ್ಲಿ ಬಂದವರು, ಕಂಪ್ಯೂಟರು ಮುಟ್ಟಿದವರಲ್ಲ.

“ಅದೂ ಇದೂ ಒಂದೇ ಅಲ್ಲಮ್ಮ. ಅದು ಇಲ್ದಾಗ ಇದು ನಡೆಯುತ್ತೆ, ತಣ್ಣೀರಿಗೆ ಮಾತ್ರ. ಬಾಯ್ಲರಿಗೆ ಹಾಕಿದ್ರೆ ಯಾರಾದ್ರೂ ಸುಟ್ಕೋತಾರೆ.”

ಡಬ್ಬಿ ಪಕ್ಕಕ್ಕಿಟ್ಟು ಸ್ಟೂಲು ಎಳೆದುಕೊಂಡರು. ಯಾವುದು ಯಾವುದಕ್ಕೆ, ಎಲ್ಲಿಯವರೆಗೆ ಬದಲಿ ಎಂದು ನಾನೂರು ಸೀಲುಗಳನ್ನೂ ಬಾಯಲ್ಲೇ ಹೇಳಿದರು. ಅವಳು ‘ಇದೇ ಅದು’ ಅಳಿಸುತ್ತ, ಅವರು ಹೇಳಿದ್ದನ್ನು ಟೈಪಿಸಿದಳು. ಇಬ್ಬರೂ ಏಳುವಷ್ಟರಲ್ಲಿ ಆಫೀಸಿನಲ್ಲಿ ದೀಪ ಹಾಕಿಯಾಗಿತ್ತು.

೪
ಕೊನೆ (ಅ): ಡೆಮೊ ಸೋತಿತು. (ಬರೆಯಲು ಮನಸ್ಸಾಗಲಿಲ್ಲ.)

ಕೊನೆ (ಆ): ಡೆಮೊ ಗೆದ್ದಿತು, ಚಪ್ಪಾಳೆ, ಕೆಲಸ ಖಾಯಂ. ನಾನು ಪೆನ್ನು ಮುಚ್ಚಿದೆ. ಅನ್ನಪೂರ್ಣ ಬಿಡಲಿಲ್ಲ.

“ಶಾಮಣ್ಣಾರ ಹೆಸರು ಎಲ್ಲೈತ್ರಿ? ಚಪ್ಪಾಳಿ ನನಗಷ್ಟ ಬಿತ್ತು.”

ಅದಕ್ಕೆ ಕಾಲಂ ಇಲ್ಲವಲ್ಲ ಎಂದೆ. ಇದರಲ್ಲಿ ಕಾಲಂ ಬೇಕಿಲ್ಲ, ವಾಕ್ಯ ಸೇರಿಸಿದರಾಯಿತು ಎಂದು ನನಗೇ ಪಾಠ ಹೇಳಿದಳು. ಸೋಮವಾರ ನಾನೂರಕ್ಕೂ ಸೇರಿಸಿದಳು: ‘ಈ ಮಾತು — ಹೇಳಿದವರು — ಶಾಮಣ್ಣ.’ ಅವರನ್ನು ಕರೆದು ತೋರಿಸಿದಳು. ಶಾಮಣ್ಣ ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿದರು, ಮತ್ತೆ ಓದಿದರು.

“ಇಷ್ಟೊಂದ್ಸಲ ಯಾಕಮ್ಮ? ಒಂದ್ಸಲ ಸಾಕಿತ್ತು.”

೫
ಇಲ್ಲಿಗೆ ಮುಗಿಸೋಣವೆಂದು ನಾನೂ ಒಂದು ವಾಕ್ಯ ಬರೆದೆ: ‘ಈ ಕತೆ — ಹೇಳಿದವರು — ನಾನು.’ ಅನ್ನಪೂರ್ಣ ಆ ‘ನಾನು’ ಮೇಲೆ ಬೆರಳಿಟ್ಟಳು. ಅಳಿಸಿ ಅವಳ ಹೆಸರು ಹಾಕಿದೆ. ಅವಳು ಅದನ್ನೂ ಅಳಿಸಿ ಶಾಮಣ್ಣನವರ ಹೆಸರು ಹಾಕಿದಳು. ಶಾಮಣ್ಣ ಅದನ್ನೂ ಅಳಿಸಿ, ತಮಗೆ ಈ ಕೆಲಸ ಕಲಿಸಿದ ಇನ್ಯಾರದೋ ಹೆಸರು ನೆನಪಿಸಿಕೊಳ್ಳುತ್ತಿದ್ದಾರೆ. ಆ ಜಾಗ ಸದ್ಯಕ್ಕೆ ಖಾಲಿ ಇದೆ:

‘ಈ ಕತೆ — ಹೇಳಿದವರು —