ಗರಿಯ ಗಾಳಕ್ಕೆ ಅಂಜಲ್

ಕತಾರಿನ ವೆಸ್ಟ್ ಬೇಯ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದ ವಲೇರಿಯನ್‌ಗೆ, ಸ್ಕಾಟ್ಲೆಂಡಿಗೆ ಮರಳುತ್ತಿದ್ದ ಅತಿಥಿಯೊಬ್ಬರು ತಮ್ಮ ಗಾಳದ ಕೋಲನ್ನು ಕೊಟ್ಟುಹೋದರು. ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಕೋಲು ಅದು. ಎರೆಹುಳು ಬೇಡ, ಸಿಗಡಿ ಬೇಡ. ಕೊಕ್ಕೆಗೆ ಕಟ್ಟಿದ ಬಣ್ಣದ ಗರಿಯನ್ನೇ ಹುಳವೆಂದು ನಂಬಿ ಮೀನು ಬಾಯಿ ಹಾಕಬೇಕು. ಅಲ್ಲಿ ಬೆಟ್ಟವೆಲ್ಲಿ, ಹೊಳೆಯೆಲ್ಲಿ? ವಲೇರಿಯನ್ ಸಂಜೆ ಸಂಜೆ ತಾವಿದ್ದ ನಜ್ಮಾ ಬಡಾವಣೆಯ ಖಾಲಿ ಜಾಗದಲ್ಲಿ ನೂಲು ಬೀಸಿ ಅಭ್ಯಾಸ ಮಾಡಿದ. ಹೆಂಡತಿ ಮಟಿಲ್ಡಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ತೊಂಬತ್ತೇಳರ ಚಳಿಗಾಲದ ಒಂದು ಶುಕ್ರವಾರ, ಅಲ್ ವಕ್ರಾದಲ್ಲಿ ದೋಣಿ ನಡೆಸುತ್ತಿದ್ದ ಉಳ್ಳಾಲದ ಬ್ಯಾರಿ ಪಕೀರಬ್ಬ ಇಬ್ಬರನ್ನೂ ಕಡಲಿಗೆ ಕರೆದೊಯ್ದರು.

"ಅಂಜಲ್ ಮೀನಿಗೆ ಹಲ್ಲುಂಟು ಪರ್ಬುಗಳೇ, ನೂಲು ಕಡಿದು ಹೋಗ್ತದೆ" ಎಂದು ವಲೇರಿಯನ್‌ನ ಗರಿಯ ಮುಂದೆ ಗೇಣುದ್ದ ತಂತಿ ಕಟ್ಟಿಕೊಟ್ಟರು.

ದಡ ಮರೆಯಾಗುತ್ತಲೇ ವಲೇರಿಯನ್‌ಗೆ ಹೊಟ್ಟೆ ತೊಳಸಿತು. ದೋಣಿಯ ಅಂಚಿಗೆ ತಲೆಯಿಟ್ಟು ಕುಳಿತುಬಿಟ್ಟ. ಅಷ್ಟರಲ್ಲೇ ಪಕೀರಬ್ಬ ಕೂಗಿದರು:

"ಅಗೋ ಹಕ್ಕಿಗಳು! ಅಡಿಯಲ್ಲಿ ಅಂಜಲ್ ಉಂಟು! ಯಲ್ಲಾ, ಯಲ್ಲಾ, ಬೀಸಿ ಬೇಗ!"

ನೀರು ಕುದಿಯುತ್ತಿತ್ತು. ಸಣ್ಣ ಮೀನುಗಳು ಬೆಳ್ಳಿಯ ಚೂರುಗಳಂತೆ ಚಿಮ್ಮುತ್ತಿದ್ದವು.

"ಮಟಿಲ್ಡಾ, ನೀನೇ ಬೀಸು!" ವಲೇರಿಯನ್ ನರಳಿದ.

ಅವಳು ಬೀಸಿದಳು. ಗಾಳ ಪಕೀರಬ್ಬರ ಟೊಪ್ಪಿಯನ್ನು ಎತ್ತಿಕೊಂಡು ಹೋಯಿತು.

"ಟೊಪ್ಪಿ ಇರ್ಲಿ ಬಾಯಮ್ಮ, ತಲೆ ಉಳೀತಲ್ಲ! ಇನ್ನೊಮ್ಮೆ!"

ಈ ಸಲ ಗರಿ ಹಕ್ಕಿಗಳ ನಡುವೆಯೇ ಬಿತ್ತು. ಮಟಿಲ್ಡಾ ನೂಲನ್ನು ಸರಸರನೆ ಎಳೆದಳು. ಧಡ್ ಎಂದು ಏನೋ ಹಿಡಿಯಿತು! ರೀಲು ಕಿರುಚಿತು, ಅದರ ಹಿಡಿ ಅವಳ ಬೆರಳ ಗೆಣ್ಣುಗಳಿಗೆ ಬಡಿಯಿತು.

"ಹಿಡೀಬೇಡಿ! ಓಡ್ಲಿ ಅದು, ಓಡ್ಲಿ!"

"ನೂಲು ಮುಗೀತಾ ಬಂತು ಬ್ಯಾರಿಗಳೇ!"

ಪಕೀರಬ್ಬ ದೋಣಿ ತಿರುಗಿಸಿ ಮೀನಿನ ಬೆನ್ನು ಹತ್ತಿದರು. ವಲೇರಿಯನ್ ವಾಂತಿ ಮರೆತು ಎದ್ದು ಹೆಂಡತಿಯ ಸೊಂಟ ಬಿಗಿಯಾಗಿ ಹಿಡಿದುಕೊಂಡ. ಮೀನು ಹತ್ತಿರ ಬಂತು, ಮತ್ತೆ ಓಡಿತು, ಮತ್ತೆ ಬಂತು. ಅವಳು ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿದಳು; ಕೋಲು ಬಾಗಿದ್ದು ಬಾಗಿದಂತೆಯೇ ಇತ್ತು. ಕೊನೆಗೆ ಪಕೀರಬ್ಬ ಉದ್ದ ಹಿಡಿಯ ಕೊಕ್ಕೆ ಹಾಕಿ ಎಳೆದಾಗ, ತೋಳಿಗಿಂತ ಉದ್ದದ ಅಂಜಲ್ ಹಲಗೆಯ ಮೇಲೆ ಪಟಪಟ ಬಡಿದುಕೊಂಡಿತು. ಮೂವರೂ ಒಟ್ಟಿಗೆ ಕೂಗಿದರು. ಏನು ಕೂಗಿದರೆಂದು ಅವರಿಗೇ ತಿಳಿಯಲಿಲ್ಲ.

ವಲೇರಿಯನ್ ಕೋಲಿಗೆ ಕೈ ಚಾಚಿದ. "ಈಗ ನಂಗೆ ಕೊಡು."

"ಮಾಫಿ!" ಅರಬರಂತೆ ಇಲ್ಲವೆಂದಳು ಮಟಿಲ್ಡಾ. ಹಕ್ಕಿಗಳು ತೆಂಕಣಕ್ಕೆ ಸರಿದಿದ್ದವು. "ಬ್ಯಾರಿಗಳೇ, ಆಚೆ ಬಿಡಿ, ಬೇಗ!"