ಕವಣೆಗೆ ಎಳೆದ ವಿಭೂತಿ

೧೯೮೪ರಲ್ಲಿ ನನ್ನ ಮೈದುನ ಗಾದಿಲಿಂಗಪ್ಪ ಮದರಾಸಿನಿಂದ ಒಂದು ಆಟ ತಂದ. ಹಲಗೆಯಿಲ್ಲ, ಕಾಯಿಯಿಲ್ಲ. ಒಬ್ಬ ಕಥೆ ಹೇಳುತ್ತಾ ಹೋಗುತ್ತಾನೆ, ಉಳಿದವರು ಆ ಕಥೆಯೊಳಗಿನ ವೀರರು. ಗೆದ್ದರೋ ಸೋತರೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಅವನು ಬಳ್ಳಾರಿಯಲ್ಲಿ ಕಾಲೇಜು ಮೇಷ್ಟ್ರು. ಭಾನುವಾರ ಸಿರುಗುಪ್ಪದ ನಮ್ಮ ಮನೆಗೆ ಬಂದು, ಗೆಳೆಯರಾದ ಗುರುರಾಜ, ಉಜ್ಜಿನಪ್ಪ ಇಬ್ಬರನ್ನೂ ಕೂರಿಸಿಕೊಂಡು ಪಡಸಾಲೆಯಲ್ಲಿ ಆಡುತ್ತಿದ್ದ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂಬುದು ಅವನ ಆಸೆ.

ಚಹಾ ಕೊಡಲು ಹೋದಾಗ ಕೇಳಿಸಿಕೊಳ್ಳುತ್ತಿದ್ದೆ. ಎಲ್ಲರ ಕೈಯಲ್ಲೂ ಕತ್ತಿಯೇ. ಬೆಂಕಿಯ ಕತ್ತಿ, ಹಿಮದ ಕತ್ತಿ, ಮಾತಾಡುವ ಕತ್ತಿ.

"ಕವಣಿ ಇಲ್ಲೇನು?" ಎಂದೆ ಒಂದು ದಿನ.

"ಅತ್ತಿಗಿ, ಅದು ಗುಬ್ಬಿ ಓಡ್ಸೋದು," ಗಾದಿಲಿಂಗಪ್ಪ ನಕ್ಕ. "ರಾಕ್ಷಸ ಏನು ಜ್ವಾಳದ ತೆನಿ ತಿನ್ನಾಕ ಬರ್ತಾನೇನು?"

"ನಿನ್ನ ರಾಕ್ಷಸಗ ಹಸಿವಾಗಬಾರದೇನಲೇ? ಅತ್ತಿಗೇರು ಹೇಳ್ಲಿ ಬಿಡು," ಎಂದು ಉಜ್ಜಿನಪ್ಪ ಎದ್ದು ನನ್ನ ಕೈಯ ತಟ್ಟೆ ಇಸಿದುಕೊಂಡ. ಆ ಮನೆಯಲ್ಲಿ ಅದುವರೆಗೆ ಯಾರೂ ಹಾಗೆ ಎದ್ದು ಬಂದು ತಟ್ಟೆ ಇಸಿದುಕೊಂಡಿರಲಿಲ್ಲ.

ಕುರುಗೋಡಿನ ತವರಿನಲ್ಲಿ ನಾನು ಹೊಲದ ಅಟ್ಟಣಿಗೆಯ ಮೇಲೆ ನಿಂತು, ಗಂಟಲು ಕಟ್ಟುವವರೆಗೆ ಕೂಗುತ್ತಾ ಹಕ್ಕಿಗಳಿಗೆ ಕವಣೆ ಬೀಸಿದವಳು. ಬಿ.ಎ. ಮುಗಿಸಿ ಈ ಮನೆಗೆ ಬಂದಮೇಲೆ ಓದಿದ್ದೂ ಬೀಸಿದ್ದೂ ಎರಡೂ ಕೆಲಸಕ್ಕೆ ಬಂದಿರಲಿಲ್ಲ. ಆ ವಾರ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಾರ್ಡು ಮಾಡಿ, ಯಾರೂ ಆಯುಧವೆಂದು ಲೆಕ್ಕಕ್ಕೆ ಹಿಡಿಯದವಕ್ಕೆ ಮಾಯೆ ಕೂಡಿಸಿ ಹಿಂಬದಿಯಲ್ಲಿ ಬರೆದೆ. ಕವಣೆಯ ಕಲ್ಲು ಬಿದ್ದ ಜಾಗವನ್ನು ಯಾವ ಶತ್ರುವೂ ದಾಟಲಾರ. ಆದರೆ ಬೀಸಿದವನು ಕೂಗುತ್ತಲೇ ಇರಬೇಕು, ದನಿ ನಿಂತರೆ ಮಾಯೆಯೂ ನಿಂತಿತು. ಕುಡುಗೋಲು ಎಂಥ ಮಂತ್ರವನ್ನೂ ಬುಡದಿಂದ ಕೊಯ್ಯುತ್ತದೆ. ಅದೂ ಬಾಗಿದವರ ಕೈಯಲ್ಲಿ ಮಾತ್ರ, ನೆಟ್ಟಗೆ ನಿಂತರೆ ಮೊಂಡು. ಮೀನಿನ ಬಲೆಗೆ ಮಾಯಾವಿಯೂ ಸಿಕ್ಕುತ್ತಾನೆ. ಆಮೇಲೆ ಒಂದೊಂದು ಗಂಟನ್ನೂ ಎಸೆದವನೇ ಬಿಚ್ಚಬೇಕು. ಶಕ್ತಿಯ ಜೊತೆಗೆ ಆ ಕಷ್ಟ ಇದ್ದದ್ದರಿಂದಲೇ ಅವು ನನ್ನವು.

ಮುಂದಿನ ಭಾನುವಾರ ಉಜ್ಜಿನಪ್ಪ ಕವಣೆ ಹಿಡಿದ. "ಹೋ... ಹೋಯ್!" ಎಂದು ಅವನು ಕೂಗುವುದಕ್ಕೆ ಅತ್ತೆ ದೊಡ್ಡಬಸಮ್ಮ ಹಿತ್ತಲಿನಿಂದ ಓಡಿಬಂದರು.

"ಏನಾತ್ರೋ? ಹಂದಿ ಹೊಕ್ಕಾವೇನು?"

"ಇಲ್ಲಬೇ, ನಿಮ್ಮ ಸೊಸಿ ಕೊಟ್ಟ ಆಯುಧ. ಬಾಯಿ ಮುಚ್ಚಿದ್ರ ಸಾಯ್ತೀನಿ. ಹೋಯ್!"

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಅವರಿಗೆ ಓದು ಬಾರದು. ಆದರೂ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಜೋಪಾನವಾಗಿ ನನ್ನ ಕೈಗೇ ಕೊಟ್ಟರು.

"ಅತ್ತಿಗಿ, ಇವು ಹಿಂಗೇ ಅಚ್ಚಾಗ್ಲಿ," ಎಂದ ಗಾದಿಲಿಂಗಪ್ಪ. "ಆಟದ ಡಬ್ಬಿ ಮ್ಯಾಲ ನನ್ನ ಹೆಸರಿನ ಜೋಡಿ ನಿಮ್ದೂ ಹಾಕಸ್ತೀನಿ."

ದಾಕ್ಷಾಯಣಿ, ಬಿ.ಎ. ಲಗ್ನಪತ್ರಿಕೆಯ ಮೇಲೆ ಬಿಟ್ಟರೆ ನನ್ನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಆ ಆಟದಿಂದ ನನಗೆ ಬೇಕಾದದ್ದು ಅದೊಂದೇ.

ವಿಜಯದಶಮಿಯ ದಿನ ಬಳ್ಳಾರಿಯ ಪ್ರೆಸ್ಸಿಗೆ ಕೊಡುವುದೆಂದಾಯಿತು. ಹಿಂದಿನ ದಿನ ಆಯುಧಪೂಜೆ. ಹೋಳಿಗೆಗೆ ಕಣಕ ನಾದಿಟ್ಟು ಪಡಸಾಲೆಗೆ ಬಂದರೆ, ಕೊಡಲಿ, ತಕ್ಕಡಿ, ನಮ್ಮ ರೈಸ್ ಮಿಲ್ಲಿನ ಸ್ಪ್ಯಾನರುಗಳ ನಡುವೆ ನನ್ನ ಕಾರ್ಡುಗಳು. ಅತ್ತೆ ಎಲ್ಲಕ್ಕೂ ನೀರು ಚಿಮುಕಿಸಿ, ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದಿದ್ದರು. ಶಾಯಿಯ ಅಕ್ಷರಗಳು ಆ ಮೂರು ಪಟ್ಟೆಗಳೊಳಗೆ ನೀಲಿಯಾಗಿ ಕಲಸಿಹೋಗುತ್ತಿದ್ದವು.

ಕೈ ಚಾಚಿದೆ. ಅತ್ತೆ ಮೆಲ್ಲಗೆ ಹಿಡಿದುಕೊಂಡರು.

"ಪೂಜಿಗೆ ಕುಂದರ್ಸಿದ್ದು ನಾಳಿ ತನಕ ಎತ್ತಬಾರದವ್ವಾ. ಎಲ್ಲಾರ ಆಯುಧ ಇಟ್ಟೆ, ನಿನ್ನವ್ಯಾಕ ಬಿಡ್ಲಿ?"

ಆ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡು, ಹೋಳಿಗೆ ತಟ್ಟಲು ಒಳಗೆ ಹೋದೆ.

ಬೆಳಿಗ್ಗೆ ಎತ್ತಿದಾಗ ಕಾರ್ಡುಗಳು ಒಂದಕ್ಕೊಂದು ಅಂಟಿದ್ದವು. "ಒಂದು ತಾಸು ನಿಲ್ಲು, ಮತ್ತ ಬರದು ಕೊಡ್ತೀನಿ," ಎಂದೆ.

"ಬಸ್ಸಿಗೆ ಹೊತ್ತಾತು. ನನಗೆಲ್ಲಾ ಬಾಯಿಪಾಠ ಐತಿ ಬಿಡ್ರಿ," ಎಂದು ಗಾದಿಲಿಂಗಪ್ಪ ಚಪ್ಪಲಿ ಮೆಟ್ಟಿದ.

ಯುಗಾದಿಗೆ ಅಚ್ಚಾದ ಆಟದ ಡಬ್ಬಿ ಬಂತು. ಕವಣೆ: ಒಂದೇ ಏಟಿಗೆ ಹತ್ತು ಶತ್ರುಗಳ ನಾಶ. ಕುಡುಗೋಲು: ಎಂಥ ಮಂತ್ರವನ್ನೂ ಕತ್ತರಿಸುತ್ತದೆ. ಅಷ್ಟೇ. ಹೆಸರು ಬದಲಾದ ಕತ್ತಿಗಳು.

"ಕೂಗೋದೆಲ್ಲಿ?"

"ಆಡೋ ಹುಡುಗ್ರಿಗೆ ಗೆಲ್ಲೋದು ಬೇಕು, ಅತ್ತಿಗಿ. ಆ ಕಷ್ಟೆಲ್ಲಾ ಯಾಕ?"

"ನನ್ನ ಹೆಸರು?"

"ನೀವು ಬರದಿದ್ದು ಉಳೀಲಿಲ್ಲಲ್ರಿ. ಎಲ್ಲಾ ನಾನೇ ಕುಂತು ಬರಸ್ದೆ. ಹೆಂಗ ಹಾಕ್ಲಿ ಹೇಳ್ರಿ?" ಅವನ ದನಿಯಲ್ಲಿ ಮೋಸವೇನೂ ಇರಲಿಲ್ಲ. ಅವನಿಗೆ ಅದು ನಿಜವಾಗಿಯೂ ಹಾಗೆಯೇ ಕಂಡಿತ್ತು.

ಆ ವರ್ಷದ ಆಯುಧಪೂಜೆಗೆ ಅತ್ತೆ ತಾವೇ ಡಬ್ಬಿಯನ್ನು ತಂದು ಕೊಡಲಿಯ ಪಕ್ಕದಲ್ಲಿಟ್ಟರು.

"ಹೋದ್ ವರ್ಷ ನೀರು ಹಾಕಿ ಕೆಡಿಸಿದ್ನಂತ. ಉಜ್ಜಿನಪ್ಪ ಹೇಳಿದ. ನೀ ಒಂದು ಮಾತೂ ಅನ್ನಲಿಲ್ಲಲ್ಲವ್ವಾ," ಎಂದರು. "ಈ ಸಲ ಒಣ ವಿಭೂತಿ ಹಚ್ತೀನಿ. ನಿನ್ನ ಹೆಸರು ಯಾವ ಕಡಿ ಐತಿ ತೋರ್ಸು, ಅದರ ಮ್ಯಾಲ ಒಂದು ಹೂವ ಇಡ್ತೀನಿ."

ಮುಚ್ಚಳದ ಮೇಲೆ ಇದ್ದದ್ದು ಒಂದೇ ಹೆಸರು. ನಾನು ಬೆರಳಿಟ್ಟು ತೋರಿಸಿದೆ. ಗಾದಿಲಿಂಗಪ್ಪನ ಹೆಸರಿನ ಮೇಲೆ ಅತ್ತೆ ಸೇವಂತಿಗೆ ಇಟ್ಟು, ನನ್ನ ಕಡೆ ನೋಡಿ ನಕ್ಕರು.